ತೂಕ ಇಳಿದಿದ್ದು ಹೇಗೆ ಅಂತ ಯಾರೂ ಕೇಳುವುದಿಲ್ಲ

ಮೂರು ತಿಂಗಳಲ್ಲಿ ಎಂಟು ಕಿಲೋ ಇಳಿದಿದ್ದೀನಿ ಅಂತ ಡಾಕ್ಟರ ಹತ್ತಿರ ಹೇಳಿ ನೋಡಿ. ಅವರು ತಕ್ಷಣ ಮುಖ ನೋಡುತ್ತಾರೆ. ಊಟ ಸೇರುತ್ತಿದೆಯಾ? ಸಂಜೆ ಹೊತ್ತು ಜ್ವರ ಬರುತ್ತಾ? ಕೆಮ್ಮು ಎಷ್ಟು ದಿನದಿಂದ ಇದೆ? ಬಾಯಾರಿಕೆ ಜಾಸ್ತಿನಾ? ಆಮೇಲೆ ಸಕ್ಕರೆ, ಥೈರಾಯ್ಡ್, ಎದೆಯ ಎಕ್ಸ್‌ರೇ ಅಂತ ಚೀಟಿ ಬರೆಯುತ್ತಾರೆ. ಅದೇ ಎಂಟು ಕಿಲೋ ಇಳಿದ ಮೈಯಲ್ಲಿ ಒಂದು ಮದುವೆ ಮನೆಗೆ ಹೋಗಿ. "ಅಯ್ಯೋ, ಎಷ್ಟು ಚೆನ್ನಾಗಿ ಸಣ್ಣ ಆಗಿದ್ದೀಯ! ಏನ್ ಮಾಡ್ದೆ, ನನಗೂ ಹೇಳೇ" ಅನ್ನುತ್ತಾರೆ. ವೈದ್ಯರು ಕಾಯಿಲೆಯ ಸುಳಿವು ಹುಡುಕುವ ಕಡೆ ನಾವು ಶಹಭಾಸ್ ಕೊಡುತ್ತೇವೆ.

ಈ ಶಹಭಾಸ್‌ಗಿರಿಯೇ ನನ್ನನ್ನು ಕಾಡುವ ವಿಷಯ. ತೂಕ ಜಾಸ್ತಿಯಾದರೆ ಆರೋಗ್ಯಕ್ಕೆ ಕೆಟ್ಟದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ತೂಕ ಇಳಿದ ಮಾತ್ರಕ್ಕೆ ಆರೋಗ್ಯ ಬಂತು ಎಂದು ನಂಬಿ, ಇಳಿದಿದ್ದು ಹೇಗೆ ಎಂದು ಕೇಳದೇ ಇರುವುದರಿಂದ ಜೀವಗಳು ಹೋಗುತ್ತಿವೆ.

2025ರ ಮಾರ್ಚ್‌ನಲ್ಲಿ ಕೇರಳದ ಕಣ್ಣೂರು ಜಿಲ್ಲೆಯ 18 ವರ್ಷದ ಹುಡುಗಿಯೊಬ್ಬಳು ತಲಶ್ಶೇರಿಯ ಆಸ್ಪತ್ರೆಯಲ್ಲಿ ತೀರಿಕೊಂಡಳು. ದಪ್ಪ ಆಗಿಬಿಡುತ್ತೇನೆ ಎಂಬ ಭಯಕ್ಕೆ ತಿಂಗಳುಗಟ್ಟಲೆ ಸರಿಯಾಗಿ ಊಟ ಮಾಡಿರಲಿಲ್ಲ, ಇಂಟರ್ನೆಟ್‌ನಲ್ಲಿ ನೋಡಿದ ಡಯಟ್ ಮಾಡುತ್ತಿದ್ದಳು ಎಂದು ವರದಿಯಾಯಿತು. ಊಟ ಬಿಡುವಂತೆ ಮಾಡುವ ಅನೊರೆಕ್ಸಿಯಾ ಎಂಬ ಮಾನಸಿಕ ಕಾಯಿಲೆ ಇದ್ದಿರಬಹುದು ಎಂದು ವೈದ್ಯರು ಹೇಳಿದರು. ಅದಕ್ಕೂ ಮುಂಚೆ, 2022ರ ಮೇ ತಿಂಗಳಲ್ಲಿ, ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಹೋಗಿ ಜೀವ ಕಳೆದುಕೊಂಡರು. ಎರಡು ಸುದ್ದಿಯೂ ನಾಲ್ಕು ದಿನ ಟಿವಿಯಲ್ಲಿ ಓಡಿದವು. ಆಮೇಲೆ ಅದೇ ಚಾನೆಲ್‌ಗಳಲ್ಲಿ ಹದಿನೈದು ದಿನದಲ್ಲಿ ಹೊಟ್ಟೆ ಕರಗಿಸುವ ಕಾರ್ಯಕ್ರಮ ಮತ್ತೆ ಶುರುವಾಯಿತು.

ಒಂದೇ ರಾಜ್ಯ, ಎರಡು ತುದಿ

ಕರ್ನಾಟಕದ ಅಂಕಿಗಳನ್ನು ನೋಡಿದರೆ ವಿಷಯ ಎಷ್ಟು ಗೋಜಲಾಗಿದೆ ಅಂತ ಗೊತ್ತಾಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ರಾಜ್ಯದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 30 ಜನರ ತೂಕ ಇರಬೇಕಾದ್ದಕ್ಕಿಂತ ಜಾಸ್ತಿ. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು 23 ಇತ್ತು. ಗಂಡಸರಲ್ಲಿ 22 ಇದ್ದಿದ್ದು ಸುಮಾರು 31ಕ್ಕೆ ಏರಿದೆ. ಅದೇ ಸಮೀಕ್ಷೆಯಲ್ಲಿ ನೂರಕ್ಕೆ 17 ಹೆಂಗಸರು, 14 ಗಂಡಸರು ಇರಬೇಕಾದ್ದಕ್ಕಿಂತ ತೀರಾ ಸಣ್ಣ ಇದ್ದಾರೆ. ಹೆಂಗಸರಲ್ಲಿ ಹೆಚ್ಚು ಕಮ್ಮಿ ಅರ್ಧದಷ್ಟು ಜನಕ್ಕೆ ರಕ್ತಹೀನತೆ.

ಒಂದು ಬೀದಿಯಲ್ಲಿ ದಪ್ಪದವರು, ಇನ್ನೊಂದು ಬೀದಿಯಲ್ಲಿ ಸಣ್ಣದವರು ಅಂತ ಇದನ್ನು ಬೇರೆ ಮಾಡಿ ನೋಡುವ ಹಾಗಿಲ್ಲ. ಒಂದೇ ಮನೆಯಲ್ಲಿ ಅಪ್ಪನಿಗೆ ಹೊಟ್ಟೆ, ಸಕ್ಕರೆ ಕಾಯಿಲೆ. ಮಗಳಿಗೆ ಎಂಟು ಗ್ರಾಂ ಹಿಮೋಗ್ಲೋಬಿನ್. ಒಬ್ಬಳೇ ಹೆಂಗಸಿನಲ್ಲೂ ಎರಡೂ ಇರಬಹುದು. ಮೂರು ಹೊತ್ತು ಅನ್ನ, ನಡುವೆ ಬೇಕರಿಯ ಪಫ್ಸು, ಬನ್ನು. ತೂಕ ಏರುತ್ತದೆ, ರಕ್ತ ಏರುವುದಿಲ್ಲ. ಇಂಥವಳು ಡಯಟ್ ಅಂತ ರಾತ್ರಿ ಊಟ ಬಿಟ್ಟರೆ ಇರುವ ಅಷ್ಟಿಷ್ಟು ಕಬ್ಬಿಣಾಂಶ, ಪ್ರೋಟೀನ್ ಕೂಡ ಹೋಗುತ್ತದೆ. ಅವಳಿಗೆ ಬೇಕಾಗಿರುವುದು ತಟ್ಟೆಯಲ್ಲಿ ಬೇಳೆ, ಕಾಳು, ಸೊಪ್ಪು, ಮೊಟ್ಟೆ ಜಾಸ್ತಿಯಾಗುವುದು.

ಸಮೀಕ್ಷೆಯವರು ಬಳಸುವ ಅಳತೆ ಬಿಎಂಐ. ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆ. 18.5ಕ್ಕಿಂತ ಕೆಳಗಿದ್ದರೆ ತೀರಾ ಕಡಿಮೆ, 25 ದಾಟಿದರೆ ಜಾಸ್ತಿ. ಈ ಲೆಕ್ಕವನ್ನು 1830ರ ದಶಕದಲ್ಲಿ ಕಂಡುಕೊಂಡವನು ಬೆಲ್ಜಿಯಂನ ಅಡಾಲ್ಫ್ ಕ್ವೆಟೆಲೆ. ಅವನು ವೈದ್ಯನಾಗಿರಲಿಲ್ಲ, ಸಂಖ್ಯಾಶಾಸ್ತ್ರದವನು. ಜನಸಮೂಹದ ಸರಾಸರಿ ಹುಡುಕುತ್ತಿದ್ದ. 1972ರಲ್ಲಿ ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ ಅದಕ್ಕೆ ಬಿಎಂಐ ಎಂಬ ಹೆಸರು ಕೊಟ್ಟರು. ಸಾವಿರಾರು ಜನರನ್ನು ಒಟ್ಟಿಗೆ ಅಳೆಯಲು ಇದು ಒಳ್ಳೆಯ ಅಳತೆ. ಒಬ್ಬ ಮನುಷ್ಯನ ಆರೋಗ್ಯ ಹೇಳಲು ಇದೊಂದೇ ಸಾಲದು.

ಯಾಕೆ ಅಂತ ತೋರಿಸುವ ಒಂದು ಫೋಟೊ ಇದೆ. 2004ರಲ್ಲಿ ಲ್ಯಾನ್ಸೆಟ್ ವೈದ್ಯಪತ್ರಿಕೆಯಲ್ಲಿ ಬಂದಿದ್ದು. ಇಬ್ಬರು ಡಾಕ್ಟರು ಅಕ್ಕಪಕ್ಕ ಇದ್ದಾರೆ. ಒಬ್ಬರು ಪುಣೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಬ್ರಿಟನ್ನಿನ ಜಾನ್ ಯುಡ್ಕಿನ್. ಇಬ್ಬರೂ ನೋಡಲು ಸಣ್ಣ. ಇಬ್ಬರ ಬಿಎಂಐಯೂ 22.3. ಆದರೆ ಯಂತ್ರದಲ್ಲಿ ಮೈಯ ಕೊಬ್ಬು ಅಳೆದಾಗ ಯುಡ್ಕಿನ್ ಅವರದು ಶೇ 9.1, ಯಾಜ್ಞಿಕ್ ಅವರದು ಶೇ 21.2. ಎತ್ತರಕ್ಕೆ ತಕ್ಕ ತೂಕದ ಲೆಕ್ಕ ಅಷ್ಟೇ, ಒಳಗಿನ ಕೊಬ್ಬು ಮಾತ್ರ ಎರಡು ಪಟ್ಟಿಗಿಂತ ಜಾಸ್ತಿ. ನಮ್ಮ ಕಡೆಯವರಲ್ಲಿ ಮಾಂಸಖಂಡ ಕಡಿಮೆ, ಕೊಬ್ಬು ಜಾಸ್ತಿ. ಅದೂ ಹೊಟ್ಟೆಯ ಒಳಗೆ, ಲಿವರ್ ಸುತ್ತ ಸೇರಿಕೊಳ್ಳುತ್ತದೆ. ಕೈಕಾಲು ಕಡ್ಡಿಯ ಹಾಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವ ಗಂಡಸರನ್ನು ನಾವು ದಿನಾ ನೋಡುತ್ತೇವೆ ಅಲ್ವಾ? ಅವರಿಗೆ ಯಾರೂ ದಪ್ಪ ಅನ್ನುವುದಿಲ್ಲ. ಮೂವತ್ತೆಂಟಕ್ಕೇ ಸಕ್ಕರೆ ಬರುತ್ತದೆ.

ಅದಕ್ಕೇ ಭಾರತೀಯರಿಗೆ ಬಿಎಂಐ 23 ದಾಟಿದರೇ ಎಚ್ಚರ, 25 ದಾಟಿದರೆ ಬೊಜ್ಜು ಎಂದು ನಮ್ಮ ತಜ್ಞರು ಗೆರೆ ಕೆಳಗಿಳಿಸಿದ್ದಾರೆ. ಜೊತೆಗೆ ಸೊಂಟದ ಸುತ್ತಳತೆ ನೋಡಬೇಕು ಅನ್ನುತ್ತಾರೆ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಟೈಲರ್ ಟೇಪು ಸಾಕು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಜನಕ್ಕೆ ಮಧುಮೇಹ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ದೊಡ್ಡವರಲ್ಲಿ ನೂರಕ್ಕೆ ಸುಮಾರು 40 ಜನರಿಗೆ ಹೊಟ್ಟೆಯ ಬೊಜ್ಜು.

ಹೊಟ್ಟೆಯ ಈ ಕೊಬ್ಬು ಸುಮ್ನೆ ಕೂತಿರುವುದಿಲ್ಲ. ಇನ್ಸುಲಿನ್ ಕೆಲಸಕ್ಕೆ ಅಡ್ಡಿ ಮಾಡುತ್ತದೆ, ಲಿವರ್‌ನಲ್ಲಿ ಕೊಬ್ಬು ಸೇರಿಸುತ್ತದೆ, ಬಿಪಿ ಏರಿಸುತ್ತದೆ. ಗೊರಕೆಯ ನಡುವೆ ಉಸಿರು ಕಟ್ಟುವುದು, ಮಂಡಿ ಸವೆಯುವುದು, ಪಿಸಿಒಎಸ್ ಎಂಬ ಹಾರ್ಮೋನಿನ ತೊಂದರೆ ಇರುವವರಲ್ಲಿ ಮುಟ್ಟಿನ ಏರುಪೇರು ಜಾಸ್ತಿಯಾಗುವುದು, ಕೆಲವು ಬಗೆಯ ಕ್ಯಾನ್ಸರ್, ಎಲ್ಲದರ ಜೊತೆಗೂ ಅದಕ್ಕೆ ನಂಟಿದೆ. ಹಾಗೆಂದು ಎಲ್ಲರೂ ಇಪ್ಪತ್ತು ಕಿಲೋ ಇಳಿಸಲೇಬೇಕು ಎಂದೇನಿಲ್ಲ. ತೂಕದಲ್ಲಿ ಶೇ 5ರಿಂದ 10ರಷ್ಟು ಇಳಿದು ಅಲ್ಲೇ ನಿಂತರೂ ಸಕ್ಕರೆ, ಬಿಪಿ ಎರಡೂ ಸುಧಾರಿಸುತ್ತವೆ. ಎಂಬತ್ತು ಕಿಲೋ ಇರುವವರಿಗೆ ಅಂದರೆ ನಾಲ್ಕರಿಂದ ಎಂಟು ಕಿಲೋ. ಈ ಮಾತನ್ನು ಯಾವ ಜಾಹೀರಾತೂ ಹೇಳುವುದಿಲ್ಲ, ಯಾಕೆಂದರೆ ನಾಲ್ಕು ಕಿಲೋ ಇಳಿದವರ ಫೋಟೊದಲ್ಲಿ ವ್ಯತ್ಯಾಸ ಕಾಣುವುದೇ ಇಲ್ಲ.

ಇನ್ನು ಸಣ್ಣ ಇರುವುದರ ಅಪಾಯ. ಇದರ ಬಗ್ಗೆ ಮಾತು ಕಡಿಮೆ, ಆದರೆ ನಮ್ಮ ದೇಶಕ್ಕೆ ಇದು ಬಹಳ ಹತ್ತಿರದ್ದು. ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡ್‌ನಲ್ಲಿ ಕ್ಷಯ ರೋಗಿಗಳ ಮನೆಗಳಿಗೆ ಔಷಧಿಯ ಜೊತೆಗೆ ದಿನಸಿಯನ್ನೂ ಕೊಟ್ಟು ಅಧ್ಯಯನ ಮಾಡಿತು. 2023ರಲ್ಲಿ ಫಲಿತಾಂಶ ಬಂತು. ದಿನಸಿ ಸಿಕ್ಕ ಮನೆಯವರಲ್ಲಿ ಹೊಸದಾಗಿ ಕ್ಷಯ ಬರುವುದು ಶೇ 39ರಷ್ಟು ಕಡಿಮೆಯಾಯಿತು. ಮೊದಲ ಎರಡು ತಿಂಗಳಲ್ಲಿ ತೂಕ ಶೇ 5ರಷ್ಟು ಏರಿದ ರೋಗಿಗಳಲ್ಲಿ ಸಾವಿನ ಅಪಾಯ ಶೇ 61ರಷ್ಟು ಕಡಿಮೆ ಇತ್ತು. ಮೈ ತುಂಬಿಕೊಂಡಿದ್ದೇ ಅಲ್ಲಿ ಜೀವ ಉಳಿಸಿತು. ತೂಕ ತೀರಾ ಕಡಿಮೆಯಾದಾಗ ಸೋಂಕನ್ನು ತಡೆಯುವ ಶಕ್ತಿ ಕುಂದುತ್ತದೆ, ಮುಟ್ಟು ನಿಲ್ಲುತ್ತದೆ, ಮೂಳೆ ಸವೆಯುತ್ತದೆ. ಇಪ್ಪತ್ತರ ವಯಸ್ಸಿನಲ್ಲಿ ಕಟ್ಟಿಕೊಳ್ಳದ ಮೂಳೆಯನ್ನು ಐವತ್ತರಲ್ಲಿ ಕಟ್ಟಿಕೊಳ್ಳಲು ಆಗುವುದಿಲ್ಲ.

ಡಯಟ್‌ಗಳ ಸಂತೆ

ಯಾವ ಹೊಸ ಡಯಟ್ ಹಿಡಿದರೂ ಮೊದಲ ವಾರ ಮೂರು ಕಿಲೋ ಇಳಿದಂತೆ ಕಾಣುತ್ತದೆ. ಅದರಲ್ಲಿ ಬಹುಪಾಲು ನೀರು. ನಮ್ಮ ಲಿವರ್ ಮತ್ತು ಮಾಂಸಖಂಡಗಳಲ್ಲಿ ಗ್ಲೈಕೋಜೆನ್ ಎಂಬ ರೂಪದಲ್ಲಿ ಸಕ್ಕರೆಯ ದಾಸ್ತಾನು ಇರುತ್ತದೆ. ಅದರ ಒಂದೊಂದು ಗ್ರಾಂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅನ್ನ, ಮುದ್ದೆ, ಚಪಾತಿ ಬಿಟ್ಟ ಕೂಡಲೇ ಆ ದಾಸ್ತಾನು ಖಾಲಿಯಾಗಿ ನೀರೂ ಹೊರಗೆ ಹೋಗುತ್ತದೆ. ಮತ್ತೆ ಊಟ ಶುರು ಮಾಡಿದರೆ ನೀರು ವಾಪಸ್. ಆಗ ಆ ಮನುಷ್ಯ "ನನ್ನ ಬಾಯಿ ಚಪಲದಿಂದ ಎಲ್ಲ ಹಾಳಾಯಿತು" ಅಂತ ತನ್ನನ್ನೇ ಬೈದುಕೊಳ್ಳುತ್ತಾನೆ. ಡಯಟ್ ಮಾರಿದವರಿಗೆ ಯಾರೂ ಬೈಯುವುದಿಲ್ಲ.

ಅನ್ನ, ಮುದ್ದೆ, ಚಪಾತಿ ಹೆಚ್ಚು ಕಮ್ಮಿ ಬಿಟ್ಟು ಕೊಬ್ಬನ್ನೇ ಜಾಸ್ತಿ ತಿನ್ನುವ ಕೀಟೊ ಡಯಟ್ ಹುಟ್ಟಿದ್ದು 1920ರ ದಶಕದಲ್ಲಿ, ಮೂರ್ಛೆರೋಗದ ಚಿಕಿತ್ಸೆಗೆ. ಇವತ್ತಿಗೂ ಔಷಧಿಗೆ ಬಗ್ಗದ ಮೂರ್ಛೆ ಇರುವ ಮಕ್ಕಳಿಗೆ ಆಸ್ಪತ್ರೆಯ ಉಸ್ತುವಾರಿಯಲ್ಲಿ ಅದನ್ನು ಕೊಡುತ್ತಾರೆ, ಆಗಾಗ ರಕ್ತ ಪರೀಕ್ಷೆ ಮಾಡುತ್ತಾರೆ. ಅದೇ ಡಯಟ್ಟನ್ನು ನಾವು ವಾಟ್ಸ್‌ಆ್ಯಪ್‌ನಲ್ಲಿ ಬಂದ ಪಟ್ಟಿ ನೋಡಿ ಶುರು ಮಾಡುತ್ತೇವೆ. ಇಂಟರ್‌ಮಿಟೆಂಟ್ ಫಾಸ್ಟಿಂಗ್ ಎಂಬುದು ನಮ್ಮ ಅಜ್ಜಿಯರ ಒಪ್ಪತ್ತಿಗೆ ಹತ್ತಿರ ಇದೆ. ಅದರ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟಾಗಿ ನೋಡಿದರೆ, ದಿನವಿಡೀ ಸ್ವಲ್ಪ ಕಡಿಮೆ ತಿನ್ನುವುದರಿಂದ ಎಷ್ಟು ಲಾಭವೋ ಇದರಿಂದಲೂ ಹೆಚ್ಚು ಕಮ್ಮಿ ಅಷ್ಟೇ. ಕೆಲವರಿಗೆ ಇದು ಸುಲಭ ಅನ್ನಿಸುತ್ತದೆ, ಮಾಡಲಿ. ಆದರೆ ಸಕ್ಕರೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಮಾಡಿದರೆ ಸಕ್ಕರೆ ತಟ್ಟನೆ ಇಳಿದು ಪ್ರಜ್ಞೆ ತಪ್ಪಬಹುದು.

ಉಪ್ಪಾಗೆಯ ಕತೆ ನಮ್ಮದೇ ಕಾಡಿನದು, ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಶಿರಸಿ ಕಡೆ ಮಳೆಗಾಲದಲ್ಲಿ ಕಾಡಿನಿಂದ ಉಪ್ಪಾಗೆ ಕಾಯಿ ತಂದು, ಸಿಪ್ಪೆ ಬಿಡಿಸಿ, ಹೊಗೆಯ ಶಾಖದಲ್ಲಿ ಒಣಗಿಸಿ ಮಾರುತ್ತಾರೆ. ಅದರ ಬೀಜದಿಂದ ತುಪ್ಪ ತೆಗೆಯುತ್ತಾರೆ. ಕೊಡಗಿನಲ್ಲಿ ಅದೇ ಜಾತಿಯ ಹಣ್ಣಿನ ರಸ ಕಾಯಿಸಿ ಕಾಚಂಪುಳಿ ಮಾಡುತ್ತಾರೆ, ಪಂದಿಕರಿಗೆ ಅದಿಲ್ಲದೆ ರುಚಿಯಿಲ್ಲ. ಹೊರಗಿನ ಮಾರುಕಟ್ಟೆಯಲ್ಲಿ ಇದರ ಹೆಸರು ಗಾರ್ಸಿನಿಯಾ ಕ್ಯಾಂಬೋಜಿಯಾ. ಸಿಪ್ಪೆಯಲ್ಲಿರುವ ಹುಳಿ ಅಂಶ ಕೊಬ್ಬು ಕರಗಿಸುತ್ತದೆ ಎಂಬ ಪ್ರಚಾರ ಹಬ್ಬಿ ಒಣ ಸಿಪ್ಪೆಗೆ ವಿದೇಶದಲ್ಲಿ ಬೇಡಿಕೆ ಬಂತು. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ 135 ಜನರಲ್ಲಿ ಅರ್ಧ ಜನಕ್ಕೆ ಇದರ ಸಾರವನ್ನೂ ಉಳಿದವರಿಗೆ ಏನೂ ಇಲ್ಲದ ಮಾತ್ರೆಯನ್ನೂ ಹನ್ನೆರಡು ವಾರ ಕೊಟ್ಟರು. ತೂಕ ಇಳಿಯುವುದರಲ್ಲಿ ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಇಂಥ ಮಾತ್ರೆ ನುಂಗಿದ ಕೆಲವರಿಗೆ ಲಿವರ್ ಕೆಟ್ಟ ಪ್ರಕರಣಗಳು ವೈದ್ಯಪತ್ರಿಕೆಗಳಲ್ಲಿ ದಾಖಲಾದವು. ಸಾರಿಗೆ ಹಾಕುವ ನಾಲ್ಕು ಹನಿ ಕಾಚಂಪುಳಿಗೂ, ಮಾತ್ರೆಯಲ್ಲಿ ಗಟ್ಟಿ ಮಾಡಿ ತುಂಬಿದ ಸಾರಕ್ಕೂ ಅಜಗಜಾಂತರ. ಮಾತ್ರೆ ಮಾರುವವರು ಮಾತ್ರ "ನ್ಯಾಚುರಲ್, ಏನೂ ಆಗಲ್ಲ" ಅನ್ನುತ್ತಲೇ ಇದ್ದಾರೆ.

ಹರ್ಬಲ್ ಅಂತ ಚೀಟಿ ಅಂಟಿಸಿದ ಪುಡಿಗಳಲ್ಲಿ ಇನ್ನೊಂದು ಮೋಸವಿದೆ. ಸಿಬುಟ್ರಮಿನ್ ಎಂಬ ಹಸಿವು ಕುಗ್ಗಿಸುವ ಔಷಧಿ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಹೆಚ್ಚಿಸುತ್ತದೆ ಎಂದು ತಿಳಿದ ಮೇಲೆ ಯುರೋಪ್, ಅಮೆರಿಕದಲ್ಲಿ 2010ರಲ್ಲಿ ಮಾರುಕಟ್ಟೆಯಿಂದ ಹೋಯಿತು. ಭಾರತದಲ್ಲಿ 2011ರಲ್ಲಿ ನಿಷೇಧವಾಯಿತು. ಆದರೆ ತೂಕ ಇಳಿಸುವ ಗಿಡಮೂಲಿಕೆ ಪುಡಿ, ಕಾಫಿಗಳಲ್ಲಿ ಅದನ್ನು ಕದ್ದು ಬೆರೆಸುವುದು ಹಲವು ದೇಶಗಳ ತಪಾಸಣೆಯಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ಪುಡಿ ಕುಡಿದ ಮೊದಲ ದಿನವೇ ಹಸಿವು ಸತ್ತು ಎದೆ ಡವಗುಟ್ಟಿದರೆ ಆ ಪುಡಿಯನ್ನು ಅಲ್ಲೇ ನಿಲ್ಲಿಸಬೇಕು.

ಹಸಿದ ಮಿದುಳು

ಆನ್ಸೆಲ್ ಕೀಸ್ ಅವರ ಹೆಸರು ಆಗಲೇ ಬಂತು. ಬಿಎಂಐಗೆ ಹೆಸರಿಡುವುದಕ್ಕೂ ಬಹಳ ಮುಂಚೆ, ಎರಡನೇ ಮಹಾಯುದ್ಧದ ಕೊನೆಯಲ್ಲಿ, ಅವರು ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ಮಾಡಿದರು. ಯುದ್ಧದಲ್ಲಿ ಹಸಿದ ಯುರೋಪಿನ ಜನಕ್ಕೆ ಮತ್ತೆ ಊಟ ಕೊಡುವುದು ಹೇಗೆ ಎಂದು ತಿಳಿಯುವುದು ಉದ್ದೇಶ. ಯುದ್ಧದಲ್ಲಿ ಬಂದೂಕು ಹಿಡಿಯಲು ಒಪ್ಪದ 36 ಯುವಕರು ತಾವಾಗಿಯೇ ಮುಂದೆ ಬಂದರು. ಎಲ್ಲರೂ ಗಟ್ಟಿಮುಟ್ಟು, ಮನಸ್ಸೂ ಆರೋಗ್ಯ. 1945ರಲ್ಲಿ 24 ವಾರ ಅವರಿಗೆ ಮೊದಲಿನ ಅರ್ಧದಷ್ಟು ಊಟ ಕೊಟ್ಟರು. ಮೈತೂಕದ ಕಾಲು ಭಾಗ ಇಳಿಯಿತು.

ಅಚ್ಚರಿ ಆಗಿದ್ದು ಅವರ ಮನಸ್ಸಿಗೆ ಆದ ಬದಲಾವಣೆ ನೋಡಿ. ಹಗಲೂ ರಾತ್ರಿ ಊಟದ್ದೇ ಯೋಚನೆ. ಅಡುಗೆ ಪುಸ್ತಕ ಓದುವುದು, ಅಡುಗೆ ವಿಧಾನ ಬರೆದಿಟ್ಟುಕೊಳ್ಳುವುದು ಶುರುವಾಯಿತು. ತಟ್ಟೆಯಲ್ಲಿದ್ದುದನ್ನು ಚೂರು ಚೂರು ಮಾಡಿ ಗಂಟೆಗಟ್ಟಲೆ ತಿನ್ನುತ್ತಿದ್ದರು. ಸಿಟ್ಟು, ಮಂಕು, ಚಳಿ. ಜೊತೆಗಾರರ ಜೊತೆ ಮಾತು ಬಿಟ್ಟರು. ಊಟ ಮತ್ತೆ ಸಿಕ್ಕಾಗ ಕೆಲವರಿಗೆ ಎಷ್ಟು ತಿಂದರೂ ಸಾಕೆನಿಸಲಿಲ್ಲ. ಇವರಲ್ಲಿ ಯಾರಿಗೂ ಸಣ್ಣ ಆಗಬೇಕೆಂಬ ಹಂಬಲ ಇರಲಿಲ್ಲ. ಹಸಿವೊಂದೇ ಸಾಕಾಯಿತು ಅಷ್ಟೆಲ್ಲ ಆಗಲು.

ಡಯಟ್ ಮುಗಿದ ಮೇಲೆ ತೂಕ ವಾಪಸ್ ಬರುವುದಕ್ಕೂ, ರಾತ್ರಿ ಹನ್ನೊಂದಕ್ಕೆ ಡಬ್ಬಿಯ ಚಕ್ಕುಲಿ ಪೂರ್ತಿ ಖಾಲಿಯಾಗುವುದಕ್ಕೂ ಕಾರಣ ಇಲ್ಲೇ ಇದೆ. ಅದು ಮನಸ್ಸಿನ ದೌರ್ಬಲ್ಯ ಅಂತ ತಿಳಿಯಬೇಡಿ. ಮೈ ಬರಗಾಲ ಬಂತು ಎಂದು ತಿಳಿದು ಹಸಿವಿನ ಹಾರ್ಮೋನು ಏರಿಸುತ್ತದೆ, ಖರ್ಚು ಕಡಿಮೆ ಮಾಡುತ್ತದೆ. ತೀರಾ ಕಡಿಮೆ ಊಟದ ಚಿಕಿತ್ಸೆಯೇ ತಪ್ಪು ಎಂದೂ ನಾನು ಹೇಳುತ್ತಿಲ್ಲ. ಬ್ರಿಟನ್ನಿನಲ್ಲಿ 2017ರಲ್ಲಿ ಫಲಿತಾಂಶ ಬಂದ ಡೈರೆಕ್ಟ್ ಎಂಬ ಅಧ್ಯಯನದಲ್ಲಿ ಮಧುಮೇಹಿಗಳಿಗೆ ಕೆಲವು ತಿಂಗಳು ಬಹಳ ಕಡಿಮೆ ಆಹಾರ ಕೊಟ್ಟು, ವರ್ಷದ ಕೊನೆಗೆ ಹತ್ತಿರ ಹತ್ತಿರ ಅರ್ಧ ಜನ ಮಾತ್ರೆಯಿಲ್ಲದೆ ಸಕ್ಕರೆ ಹತೋಟಿಯಲ್ಲಿಟ್ಟುಕೊಳ್ಳುವಂತಾಯಿತು. ಆದರೆ ಅವರ ಹಿಂದೆ ನರ್ಸು, ಡಯಟಿಷಿಯನ್ ಇದ್ದರು. ಮಾತ್ರೆ ಯಾವಾಗ ನಿಲ್ಲಿಸಬೇಕು, ಊಟ ಹೇಗೆ ಮತ್ತೆ ಶುರು ಮಾಡಬೇಕು ಎಂದು ಹೇಳಿಕೊಟ್ಟರು. ರೀಲ್ಸ್ ನೋಡಿ ಉಪವಾಸ ಕೂರುವ ಹುಡುಗಿಯ ಹಿಂದೆ ಯಾರೂ ಇರುವುದಿಲ್ಲ.

ಈಗ ತೂಕ ಇಳಿಸುವ ಇಂಜೆಕ್ಷನ್ ಕಾಲ. ಮೌಂಜಾರೊ 2025ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂತು, ವೆಗೋವಿ ಅದೇ ವರ್ಷ ಜೂನ್‌ನಲ್ಲಿ. ವೆಗೋವಿಯಲ್ಲಿರುವ ಸೆಮಾಗ್ಲುಟೈಡ್‌ಗೆ ನಮ್ಮ ದೇಶದಲ್ಲಿ ಪೇಟೆಂಟ್ ಗಡುವು 2026ರ ಮಾರ್ಚ್. ಅಲ್ಲಿಂದಾಚೆಗೆ ನಮ್ಮ ಕಂಪನಿಗಳೂ ಅದನ್ನು ಮಾಡಬಹುದು, ಬೆಲೆ ಇಳಿಯುತ್ತದೆ. ಇವು ನಿಜವಾಗಿ ಕೆಲಸ ಮಾಡುವ ಔಷಧಿಗಳು. ಸೆಮಾಗ್ಲುಟೈಡ್‌ನಿಂದ ಸರಾಸರಿ ಶೇ 15ರಷ್ಟು, ಮೌಂಜಾರೊದ ಹೆಚ್ಚಿನ ಡೋಸ್‌ನಿಂದ ಶೇ 20ರಷ್ಟು ತೂಕ ಇಳಿದಿದ್ದು ದೊಡ್ಡ ಅಧ್ಯಯನಗಳಲ್ಲಿ ಕಂಡಿದೆ. ಬೊಜ್ಜು ಒಂದು ಕಾಯಿಲೆ, ಅದಕ್ಕೆ ಔಷಧಿ ತೆಗೆದುಕೊಳ್ಳುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಬಿಪಿಗೆ ಮಾತ್ರೆ ತೆಗೆದುಕೊಳ್ಳುವವರನ್ನು ಯಾರಾದರೂ ಆಡಿಕೊಳ್ಳುತ್ತಾರಾ?

ಆದರೆ ಇಂಜೆಕ್ಷನ್ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರನೇ ಎರಡು ಭಾಗ ವಾಪಸ್ ಬಂದಿದ್ದೂ ಅಧ್ಯಯನದಲ್ಲೇ ಇದೆ. ವಾಕರಿಕೆ, ವಾಂತಿ, ಮಲಬದ್ಧತೆ ಸಾಮಾನ್ಯ. ಪಿತ್ತಕೋಶದ ಕಲ್ಲು, ಅಪರೂಪಕ್ಕೆ ಮೇದೋಜೀರಕ ಗ್ರಂಥಿಯ ಊತ ಆಗಬಹುದು. ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಮೊದಲೇ ಮಾಂಸಖಂಡ ಕಡಿಮೆ ಇರುವ ನಮ್ಮವರಿಗೆ ಇದು ಸಣ್ಣ ವಿಷಯ ಅಲ್ಲ. ಮದುವೆಗೆ ಮುಂಚೆ ಐದು ಕಿಲೋ ಇಳಿಸಲು ಬಿಎಂಐ 22 ಇರುವ ಹುಡುಗಿ ಇದನ್ನು ಚುಚ್ಚಿಸಿಕೊಳ್ಳುವುದು ನನಗೆ ದೊಡ್ಡ ಭಯ. ಹಸಿವನ್ನೇ ಮರೆಸುವ ಔಷಧಿ ಅನೊರೆಕ್ಸಿಯಾ ಇರುವವರ ಕೈಗೆ ಸಿಕ್ಕರೆ ಏನಾಗಬಹುದು ಎಂದು ಬರೆದುಕೊಡುವ ಮುಂಚೆ ಪ್ರತಿ ಡಾಕ್ಟರೂ ಯೋಚಿಸಬೇಕು.

ಮನೆಯಲ್ಲೇ ಇದ್ದೂ ಕಾಣದ ಕಾಯಿಲೆ

ಈಟಿಂಗ್ ಡಿಸಾರ್ಡರ್, ಅಂದರೆ ತಿನ್ನುವ ರೀತಿಯೇ ಕೆಡುವ ಮಾನಸಿಕ ಕಾಯಿಲೆ, ಶ್ರೀಮಂತ ದೇಶಗಳದ್ದು, ನಮ್ಮಲ್ಲಿ ಇಲ್ಲ ಎಂದು ಬಹಳ ಕಾಲ ನಂಬಿದ್ದೆವು. 2012ರಲ್ಲಿ ನಿಮ್ಹಾನ್ಸ್‌ನ ಪ್ರಭಾ ಚಂದ್ರ ಮತ್ತು ಜೊತೆಗಾರರು ಬೆಂಗಳೂರಿನ ಮನೋವೈದ್ಯರನ್ನು ಕೇಳಿ ಒಂದು ಅಧ್ಯಯನ ಪ್ರಕಟಿಸಿದರು. ಮೂರರಲ್ಲಿ ಎರಡು ಭಾಗದಷ್ಟು ವೈದ್ಯರು ಇಂಥ ಒಂದಾದರೂ ಪ್ರಕರಣ ನೋಡಿದ್ದರು. ಪೆಸಿಫಿಕ್ ಸಾಗರದ ಫಿಜಿ ದ್ವೀಪದ ಉದಾಹರಣೆ ಇನ್ನೂ ಸ್ಪಷ್ಟ. ಮೈ ತುಂಬಿಕೊಂಡಿರುವುದೇ ಅಂದ ಎಂದು ನಂಬಿದ್ದ ಊರುಗಳವು. 1995ರಲ್ಲಿ ಅಲ್ಲಿನ ಒಂದು ಪ್ರಾಂತ್ಯಕ್ಕೆ ಟಿವಿ ಬಂತು. ಆನ್ ಬೆಕರ್ ಎಂಬ ಸಂಶೋಧಕಿ ಶಾಲಾ ಹುಡುಗಿಯರನ್ನು ಆಗ ಒಮ್ಮೆ, 1998ರಲ್ಲಿ ಇನ್ನೊಮ್ಮೆ ಮಾತಾಡಿಸಿದರು. ತೂಕ ಇಳಿಸಲು ವಾಂತಿ ಮಾಡಿಕೊಳ್ಳುವವರು ಮೊದಲ ಸಲ ಒಬ್ಬರೂ ಇರಲಿಲ್ಲ. ಮೂರು ವರ್ಷದ ನಂತರ ನೂರಕ್ಕೆ 11 ಹುಡುಗಿಯರು ಹಾಗೆ ಮಾಡುತ್ತಿದ್ದರು. ಅದು ಟಿವಿ ಕಾಲ. 2021ರಲ್ಲಿ ಹೊರಬಿದ್ದ ಇನ್‌ಸ್ಟಾಗ್ರಾಂನ ಒಳಗಿನ ದಾಖಲೆಗಳಲ್ಲಿ, ತಮ್ಮ ಮೈಯ ಬಗ್ಗೆ ಕೊರಗುವ ಮೂವರು ಹದಿಹರೆಯದ ಹುಡುಗಿಯರಲ್ಲಿ ಒಬ್ಬಳಿಗೆ ಆ ಕೊರಗನ್ನು ನಾವು ಹೆಚ್ಚಿಸುತ್ತಿದ್ದೇವೆ ಎಂದು ಕಂಪನಿಯವರೇ ಬರೆದುಕೊಂಡಿದ್ದರು.

ಈ ಕಾಯಿಲೆಗಳಲ್ಲಿ ಮುಖ್ಯವಾಗಿ ಮೂರು ಬಗೆ. ಅನೊರೆಕ್ಸಿಯಾದಲ್ಲಿ ಊಟ ಬಿಟ್ಟು ತೂಕ ತೀರಾ ಇಳಿಯುತ್ತದೆ, ಆದರೂ ತಾನು ದಪ್ಪ ಎಂಬ ಭಾವನೆ ಹೋಗುವುದಿಲ್ಲ. ಬುಲಿಮಿಯಾದಲ್ಲಿ ಒಮ್ಮೆಗೇ ಅತಿಯಾಗಿ ತಿಂದು, ಆಮೇಲೆ ವಾಂತಿ ಮಾಡಿಕೊಂಡೋ ಉಪವಾಸ ಬಿದ್ದೋ ಅದನ್ನು ಸರಿಮಾಡಲು ನೋಡುತ್ತಾರೆ. ಇವರ ತೂಕ ಸಾಮಾನ್ಯವಾಗಿಯೇ ಇರಬಹುದು, ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ಬಿಂಜ್ ಈಟಿಂಗ್‌ನಲ್ಲಿ ಕೈಮೀರಿ ತಿನ್ನುವುದು, ಆಮೇಲೆ ನಾಚಿಕೆ. ಬೊಜ್ಜಿನ ಚಿಕಿತ್ಸೆಗೆ ಬರುವ ಎಷ್ಟೋ ಜನರಲ್ಲಿ ಇದಿರುತ್ತದೆ. ಅವರಿಗೆ ಇನ್ನೊಂದು ಕಟ್ಟುನಿಟ್ಟಿನ ಡಯಟ್ ಬರೆದುಕೊಟ್ಟರೆ ಕಾಯಿಲೆ ಜೋರಾಗುತ್ತದೆ. ಮಾನಸಿಕ ಕಾಯಿಲೆಗಳಲ್ಲೇ ಅತಿ ಹೆಚ್ಚು ಜೀವ ತೆಗೆಯುವವುಗಳಲ್ಲಿ ಅನೊರೆಕ್ಸಿಯಾ ಒಂದು. ಪೊಟ್ಯಾಶಿಯಂ ಇಳಿದು ಹೃದಯದ ಬಡಿತ ತಪ್ಪುವುದು ಒಂದು ಕಾರಣ, ಆತ್ಮಹತ್ಯೆ ಇನ್ನೊಂದು.

ನಮ್ಮ ಮನೆಗಳಲ್ಲಿ ಇದು ಅಡಗಿಕೊಳ್ಳಲು ಜಾಗ ಬಹಳ. ಸಂಕಷ್ಟಿ, ಸೋಮವಾರ, ಗುರುವಾರ, ಏಕಾದಶಿ ಎಂದು ಉಪವಾಸ ಜಾಸ್ತಿಯಾದರೆ ಮಗಳಿಗೆ ಭಕ್ತಿ ಬಂತು ಅಂದುಕೊಳ್ಳುತ್ತೇವೆ. "ಹೊಟ್ಟೆ ಉಬ್ಬರ, ಊಟ ಸೇರಲ್ಲ" ಅಂದರೆ ಗ್ಯಾಸ್ಟ್ರಿಕ್ ಮಾತ್ರೆ ಕೊಡಿಸುತ್ತೇವೆ. ನಮ್ಮ ದೇಶದ ಎಷ್ಟೋ ರೋಗಿಗಳು ದಪ್ಪ ಆಗುವ ಭಯವನ್ನು ಬಾಯಿಬಿಟ್ಟು ಹೇಳುವುದೇ ಇಲ್ಲ, ಹೊಟ್ಟೆಯ ತೊಂದರೆಯನ್ನೇ ಹೇಳುತ್ತಾರೆ. ಹಾಗಾಗಿ ವರ್ಷಗಟ್ಟಲೆ ಎಂಡೋಸ್ಕೋಪಿ, ಸ್ಕ್ಯಾನಿಂಗ್ ನಡೆದು ಮನೋವೈದ್ಯರ ಹತ್ತಿರ ಬರುವ ಹೊತ್ತಿಗೆ ತಡವಾಗಿರುತ್ತದೆ.

ನೋಡಬೇಕಾದ ಗುರುತುಗಳು ಊಟದ ಕೋಣೆಯಲ್ಲೇ ಇವೆ. ಚಪಾತಿಯನ್ನು ಉಗುರಿನಷ್ಟು ಚೂರು ಮಾಡಿ ತಟ್ಟೆಯ ತುಂಬ ಹರಡುತ್ತಾಳೆ. ಪಲ್ಯದ ಎಣ್ಣೆಯನ್ನು ಅಂಚಿಗೆ ಒತ್ತುತ್ತಾಳೆ. ಎಲ್ಲರಿಗೂ ತಾನೇ ಮಾಡಿ ಬಡಿಸುತ್ತಾಳೆ, ತಾನು ಮಾತ್ರ "ಕಾಲೇಜಲ್ಲೇ ತಿಂದೆ ಅಮ್ಮ" ಅನ್ನುತ್ತಾಳೆ. ಊಟವಾದ ಕೂಡಲೇ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಳ್ಳುತ್ತಾಳೆ. ಏಪ್ರಿಲ್ ಸೆಕೆಯಲ್ಲೂ ಉದ್ದ ತೋಳಿನ ಸ್ವೆಟರ್. ಕೂದಲು ಗೊಂಚಲು ಗೊಂಚಲು ಉದುರುತ್ತದೆ, ಮುಟ್ಟು ನಿಂತು ಮೂರು ತಿಂಗಳಾಗಿರುತ್ತದೆ. ಗಂಡು ಹುಡುಗರಲ್ಲಿ ರೂಪ ಬೇರೆ. ಮೈಕಟ್ಟು ಎಷ್ಟಾದರೂ ಸಾಲದು, ಜ್ವರ ಬಂದರೂ ಜಿಮ್ ಬಿಡಲಾಗದು, ಮನೆ ಊಟ ಬೇಡ, ಬೇಯಿಸಿದ ಕೋಳಿ ಮಾತ್ರ. ಅಲ್ಲಿಂದ ಸ್ಟೆರಾಯ್ಡ್ ಇಂಜೆಕ್ಷನ್‌ಗೆ ಒಂದೇ ಹೆಜ್ಜೆ. ಹುಡುಗರಿಗೆ ಇದು ಬರುವುದಿಲ್ಲ ಎಂದುಕೊಂಡೇ ಅವರನ್ನು ಯಾರೂ ಡಾಕ್ಟರ ಹತ್ತಿರ ಕರೆದೊಯ್ಯುವುದಿಲ್ಲ.

ನಮ್ಮ ಮಾತುಗಳ ಪಾಲು ಇದರಲ್ಲಿ ದೊಡ್ಡದು. "ಡ್ರಮ್ಮು", "ಗುಂಡಮ್ಮ", "ನಿನ್ನ ಯಾರು ಮದುವೆ ಆಗ್ತಾರೆ" ಎನ್ನುವುದನ್ನು ಪ್ರೀತಿಯ ತಮಾಷೆ ಅಂದುಕೊಂಡಿದ್ದೇವೆ. ಮಿನ್ನೆಸೋಟದಲ್ಲೇ ಹದಿಹರೆಯದವರನ್ನು ಹದಿನೈದು ವರ್ಷ ಹಿಂಬಾಲಿಸಿದ ಅಧ್ಯಯನವೊಂದಿದೆ. ತೂಕದ ಬಗ್ಗೆ ಚುಚ್ಚುಮಾತು ಕೇಳಿ ಬೆಳೆದವರಲ್ಲಿ ದೊಡ್ಡವರಾದ ಮೇಲೆ ಬೊಜ್ಜೂ ಜಾಸ್ತಿ, ಮನಸ್ಸಿನ ನೋವಿಗೆ ತಿನ್ನುವುದೂ ಜಾಸ್ತಿ. ಮಗು ಸಣ್ಣ ಆಗಲಿ ಎಂದು ಆಡಿದ ಮಾತು ಮಗುವನ್ನು ದಪ್ಪ ಮಾಡಿತು, ಜೊತೆಗೆ ಕಾಯಿಲೆಯನ್ನೂ ಕೊಟ್ಟಿತು. ಮನೆಯಲ್ಲಿ ಯಾರ ತೂಕ ಜಾಸ್ತಿಯಾದರೂ ಇಡೀ ಮನೆಯ ಅಡುಗೆ ಬದಲಾಗಲಿ. ಒಬ್ಬಳ ತಟ್ಟೆಗೆ ಮಾತ್ರ ಮುದ್ದೆ, ಸೊಪ್ಪು ಹಾಕಿ ಅಣ್ಣನಿಗೆ ಹೋಳಿಗೆ ಬಡಿಸಬೇಡಿ.

ಅನುಮಾನ ಬಂದರೆ ಕೇಳಲು ಐದು ಪ್ರಶ್ನೆಗಳಿವೆ, ಬ್ರಿಟನ್ನಿನ ವೈದ್ಯರು 1999ರಲ್ಲಿ ರೂಪಿಸಿದ್ದು. ಹೊಟ್ಟೆ ತುಂಬಿ ಹಿಂಸೆಯಾಯಿತು ಅಂತ ನೀನಾಗಿಯೇ ವಾಂತಿ ಮಾಡಿಕೊಳ್ಳುತ್ತೀಯಾ? ಎಷ್ಟು ತಿನ್ನಬೇಕು ಎನ್ನುವುದು ಕೈಮೀರಿ ಹೋಗಿದೆ ಅನ್ನಿಸುತ್ತಾ? ಮೂರು ತಿಂಗಳಲ್ಲಿ ಆರು ಕಿಲೋಗಿಂತ ಜಾಸ್ತಿ ಇಳಿದಿದ್ದೀಯಾ? ಎಲ್ಲರೂ ಸಣ್ಣ ಇದ್ದೀಯ ಅಂದರೂ ದಪ್ಪ ಇದ್ದೀನಿ ಅನ್ನಿಸುತ್ತಾ? ನಿನ್ನ ಬದುಕಿನ ತುಂಬ ಊಟದ ಯೋಚನೆಯೇ ಇದೆಯಾ? ಎರಡಕ್ಕೆ ಹೌದು ಅಂದರೂ ಡಾಕ್ಟರನ್ನು ನೋಡಬೇಕು. ಎಲ್ಲಿಗೆ ಹೋಗಬೇಕು ಎಂದು ಗೊತ್ತಿಲ್ಲದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಒಂದು ಎಚ್ಚರಿಕೆ ಮನೆಯವರಿಗೆ. ಬಹಳ ದಿನ ಊಟ ಬಿಟ್ಟು ಕಡ್ಡಿಯಾದ ಮಗುವಿಗೆ ಗಾಬರಿಯಿಂದ ಒಮ್ಮೆಗೇ ಹೊಟ್ಟೆ ತುಂಬ ಉಣ್ಣಿಸಬೇಡಿ. ರಕ್ತದಲ್ಲಿ ಫಾಸ್ಫೇಟ್ ತಟ್ಟನೆ ಇಳಿದು ಹೃದಯ ನಿಲ್ಲಬಹುದು. ಮಹಾಯುದ್ಧ ಮುಗಿದಾಗ ಬಿಡುಗಡೆಯಾದ ಕೈದಿಗಳಲ್ಲಿ ವೈದ್ಯರು ಇದನ್ನು ಕಂಡರು. ಮೊದಲು ಆಸ್ಪತ್ರೆಯಲ್ಲಿ ನಾಡಿ, ಇಸಿಜಿ, ರಕ್ತ ಪರೀಕ್ಷೆ ಆಗಬೇಕು, ಆಮೇಲೆ ಅವರು ಹೇಳಿದಷ್ಟೇ ಊಟ ಏರಿಸುತ್ತಾ ಹೋಗಬೇಕು.

ಚಿಕಿತ್ಸೆಯಲ್ಲಿ ಅಪ್ಪ ಅಮ್ಮಂದಿರ ಕೆಲಸ ದೊಡ್ಡದು. ಹದಿಹರೆಯದವರ ಅನೊರೆಕ್ಸಿಯಾಕ್ಕೆ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ಬೆಳೆದ ವಿಧಾನದಲ್ಲಿ, ಮಗುವಿಗೆ ಏನು, ಎಷ್ಟು ಎಂದು ತೀರ್ಮಾನಿಸಿ ಪಕ್ಕದಲ್ಲಿ ಕೂತು ಉಣ್ಣಿಸುವವರು ಹೆತ್ತವರೇ. ಬೈಯದೆ, ಬೇಡದೆ, ದಿನಕ್ಕೆ ಐದಾರು ಸಲ, ತಿಂಗಳುಗಟ್ಟಲೆ. ಬುಲಿಮಿಯಾಕ್ಕೆ ಒಂದು ಬಗೆಯ ಮಾತಿನ ಚಿಕಿತ್ಸೆ, ಫ್ಲುಯೊಕ್ಸೆಟಿನ್ ಎಂಬ ಮಾತ್ರೆ ಕೆಲಸ ಮಾಡುತ್ತವೆ. ಇದು ಬೇಗ ಮುಗಿಯುವ ಕೆಲಸವಲ್ಲ. ಅಮೆರಿಕದಲ್ಲಿ ಅನೊರೆಕ್ಸಿಯಾ ಇದ್ದ ಹೆಂಗಸರನ್ನು 22 ವರ್ಷ ಗಮನಿಸಿದ ಅಧ್ಯಯನ 2017ರಲ್ಲಿ ಬಂತು. ಒಂಬತ್ತು ವರ್ಷದ ಹೊತ್ತಿಗೆ ಗುಣವಾಗಿದ್ದವರು ನೂರಕ್ಕೆ 31. ಇಪ್ಪತ್ತೆರಡು ವರ್ಷದ ಹೊತ್ತಿಗೆ ನೂರಕ್ಕೆ 63. ಹತ್ತು ವರ್ಷದಿಂದ ಕಾಯಿಲೆ ಇದೆ, ಇನ್ನೇನು ಮಾಡಲಾಗುತ್ತದೆ ಎಂದು ಚಿಕಿತ್ಸೆ ಬಿಡಲು ಹೊರಟ ಕುಟುಂಬಕ್ಕೆ ಡಾಕ್ಟರು ಈ ಎರಡು ಅಂಕಿಗಳನ್ನು ತೋರಿಸಬೇಕು.